ನೀರಲ್ಲಿ ನಿಂತ ಪೈನ್ ಸಸಿಗಳು: 6ನೇ ವಾರ

ಈ ವಾರ ಕೊನೆಗೂ ಬೇರು ತೊಳೆದು ನೋಡಿದೆ.

ಒಂದೇ ಮರದ ಬೀಜದಿಂದ ಎಬ್ಬಿಸಿದ 12 ಸಸಿಗಳಿವು. ಪ್ರತಿ ಕುಂಡಕ್ಕೂ ದೊಡ್ಡ ಪೈನ್ ಮರದ ಬುಡದಿಂದ ಒಂದು ಹಿಡಿ ಮಣ್ಣು ಬೆರೆಸಿದ್ದೆ, ಬೇರಿನ ಶಿಲೀಂಧ್ರ ಅದರ ಜೊತೆ ಬರಲಿ ಅಂತ. 6 ಕುಂಡಗಳಲ್ಲಿ ನೀರು ಚೆನ್ನಾಗಿ ಬಸಿಯುತ್ತದೆ. ಉಳಿದ 6 ಟಬ್‌ನಲ್ಲಿವೆ. ಮಣ್ಣಿನ ಮೇಲಿನ ಎರಡು ಬೆರಳಷ್ಟು ಭಾಗ ಬಿಟ್ಟು ಕೆಳಗೆಲ್ಲ ನೀರು.

3ನೇ ವಾರದವರೆಗೂ ಎರಡು ಗುಂಪೂ ಒಂದೇ ಹಸಿರು. ಆಮೇಲೆ ಟಬ್‌ನ ಸಸಿಗಳ ಚಿಗುರು ನಿಂತಿತು, ಕೆಳಗಿನ ಸೂಜಿ ಎಲೆಗಳು ಹಳದಿಯಾದವು.

ಎರಡೂ ಕಡೆಯಿಂದ ಎರಡೆರಡು ಸಸಿ ತೆಗೆದು, ಮಣ್ಣನ್ನು ನೀರಲ್ಲಿ ನೆನೆಸಿ ನಿಧಾನವಾಗಿ ಬಿಡಿಸಿದೆ. ಬಸಿಯುವ ಕುಂಡದ್ದನ್ನು ಭೂತಗನ್ನಡಿ ಹಿಡಿದು ನೋಡಿದಾಗ ಎಷ್ಟು ಖುಷಿಯಾಯ್ತು! ಗಿಡ್ಡ ಬೇರುತುದಿಗಳು ಕವೆಗೋಲಿನ ಹಾಗೆ ಎರಡಾಗಿ ಕವಲೊಡೆದಿವೆ. ಒಂದೊಂದು ತುದಿಗೂ ಬಿಳಿ ಹೊದಿಕೆ, ಅದರಿಂದ ಮಣ್ಣಿನೊಳಗೆ ಹರಡಿದ ಹತ್ತಿಯಂಥ ಎಳೆಗಳು. ಮೈಕೊರೈಜಾ ಅಂದರೆ ಇದೇ. ಗ್ರೀಕ್ ಭಾಷೆಯ 'ಶಿಲೀಂಧ್ರ' ಮತ್ತು 'ಬೇರು' ಸೇರಿಸಿ ಜರ್ಮನಿಯ ಎ. ಬಿ. ಫ್ರಾಂಕ್ 1885ರಲ್ಲಿ ಇಟ್ಟ ಹೆಸರು. ಎಳೆಗಳು ಸಸಿಗೆ ರಂಜಕ, ಸಾರಜನಕ ತಂದುಕೊಡುತ್ತವೆ, ಸಸಿ ಸಕ್ಕರೆ ಕೊಡುತ್ತದೆ.

ಟಬ್‌ನ ಸಸಿಯ ಬೇರಿಗೆ ಕೊಳೆತ ಮೊಟ್ಟೆಯ ವಾಸನೆ. ಕೆಳಗಿನ ತುದಿಗಳು ಕಂದು, ಹಿಸುಕಿದರೆ ಸಿಪ್ಪೆ ಕಳಚಿ ಬರುತ್ತಿತ್ತು. 50 ತುದಿ ಎಣಿಸಿದೆ, ಬಿಳಿ ಹೊದಿಕೆ ಇದ್ದದ್ದು 7ಕ್ಕೆ ಮಾತ್ರ. ಬಸಿಯುವ ಕುಂಡದಲ್ಲಿ 38. ಆದರೆ ಅದೇ ಟಬ್‌ನ ಸಸಿಯಲ್ಲಿ, ನೀರಿಗಿಂತ ಮೇಲಿದ್ದ ಆ ಎರಡು ಬೆರಳಿನ ಮಣ್ಣಲ್ಲಿ ಬಿಳಿ ತುದಿಗಳು ಗಟ್ಟಿಯಾಗಿಯೇ ಇದ್ದವು!

ಅಂದರೆ ಕೊಲ್ಲುವುದು ನೀರಲ್ಲ, ಉಸಿರುಗಟ್ಟುವುದು. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಇದ್ದಬದ್ದ ಆಮ್ಲಜನಕವನ್ನು ಬೇರು, ಸೂಕ್ಷ್ಮಜೀವಿಗಳು ಬೇಗ ಮುಗಿಸುತ್ತವೆ. ಈ ಶಿಲೀಂಧ್ರಕ್ಕೂ ಉಸಿರಾಡಲು ಅದೇ ಬೇಕು, ಅಲ್ವಾ? ಬೇರು ಸೊರಗಿದರೆ ಅದಕ್ಕೆ ಸಕ್ಕರೆಯೂ ಕಡಿಮೆ.

ಬಸಿಯುವ ಗುಂಪಿನ ಒಂದು ಕುಂಡ ಎತ್ತಿದಾಗ ಭಾರ ಜಾಸ್ತಿ ಅನಿಸಿತು. ತಳದ ತೂತು ಜೇಡಿಮಣ್ಣಿನಿಂದ ಮುಚ್ಚಿಹೋಗಿತ್ತು. ಎಲೆ ಇನ್ನೂ ಹಸಿರು, ಆದರೆ ತಳದ ಬೇರುತುದಿಗಳು ಆಗಲೇ ಕಂದು. ಅದನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಇನ್ನು ಮುಂದೆ ಎಲೆ ನೋಡಿ ಸಮಾಧಾನ ಪಡುವುದಿಲ್ಲ, ವಾರಕ್ಕೊಮ್ಮೆ ಕುಂಡ ಎತ್ತಿ ತೂತು ನೋಡುತ್ತೇನೆ.

ಟಬ್‌ನಲ್ಲಿ ಉಳಿದ 4ರಲ್ಲಿ 2 ಸಸಿಗಳನ್ನು ಇವತ್ತು ಹೊರಗಿಟ್ಟೆ. ಮೇಲೆ ಬದುಕುಳಿದ ಶಿಲೀಂಧ್ರ ಕೆಳಗಿನ ಹೊಸ ಬೇರಿಗೆ ಇಳಿಯುತ್ತದಾ ಅಂತ 10ನೇ ವಾರ ತೊಳೆದು ನೋಡುತ್ತೇನೆ.