ದೊಡ್ಡಪ್ಪನ ಬೆರಳಿಗೆ ಸಿಗದ ಐವತ್ತು

ನಂಜನಗೂಡಿನಲ್ಲಿ ನಮ್ಮ ದೊಡ್ಡಪ್ಪನದು ಒಂದು ಪೆಟ್ಟಿಗೆ ಅಂಗಡಿ. ರಸಬಾಳೆ, ಕರ್ಪೂರ, ಊದುಬತ್ತಿ, ಬಿಸ್ಕತ್ತು. ಮೂವತ್ತೈದು ತುಂಬುವಷ್ಟರಲ್ಲಿ ಅವರ ಕಣ್ಣು ಪೂರ್ತಿ ಹೋಗಿತ್ತು. ಆದರೂ ಗಲ್ಲಾಕ್ಕೆ ಇನ್ನೊಬ್ಬರನ್ನು ಕೂರಿಸಿದವರಲ್ಲ. ನೋಟು ಕೈಗೆ ಬಂದರೆ ಹೆಬ್ಬೆರಳಿಂದ ಎಡಗಡೆ ಸವರುತ್ತಿದ್ದರು. ಚೌಕ ಸಿಕ್ಕರೆ ಐವತ್ತು, ತ್ರಿಕೋನ ಸಿಕ್ಕರೆ ನೂರು, ದುಂಡಗಿದ್ದರೆ ಐನೂರು. ಏನೂ ಸಿಗದಿದ್ದರೆ ಹತ್ತು.

ಆ ಉಬ್ಬು ಸುಮ್ನೆ ಬರುವುದಿಲ್ಲ. ಲೋಹದ ತಗಡಿನಲ್ಲಿ ಗೆರೆ ಕೊರೆದು, ಅದರೊಳಗೆ ಮಂದ ಶಾಯಿ ತುಂಬಿ, ಹತ್ತಿಯ ಕಾಗದವನ್ನು ಭಾರಿ ಒತ್ತಡದಲ್ಲಿ ಒತ್ತಬೇಕು. ಆಗ ಕಾಗದ ಗೆರೆಯೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ನಮ್ಮ ಮೈಸೂರಿನಲ್ಲಿ 1996ರಿಂದ ನೋಟು ಅಚ್ಚಾಗುತ್ತಿದೆ. ನೋಟಿನ ಕಾಗದದ ಕಾರ್ಖಾನೆಯೂ ಇಲ್ಲೇ ಇದೆ. 2022ರಲ್ಲಿ ಶಾಯಿ ಮಾಡುವ ‘ವರ್ಣಿಕಾ’ ಘಟಕವೂ ಬಂತು. ಕಾಗದ, ಶಾಯಿ, ಅಚ್ಚು ಮೂರೂ ಒಂದೇ ಊರಲ್ಲಿ! ನನಗೆ ಅದು ನಿಜಕ್ಕೂ ಹೆಮ್ಮೆ.

2017ರ ಆಗಸ್ಟ್‌ನಲ್ಲಿ ಹೊಸ ಐವತ್ತು ಬಂತು. ತಿಳಿ ನೀಲಿ ಬಣ್ಣ, ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥ. ನಾನು ಖುಷಿಯಿಂದ ಅದನ್ನು ದೊಡ್ಡಪ್ಪನ ಕೈಗಿಟ್ಟೆ. ಕಣ್ಣಿದ್ದಾಗ ಅವರು ಹಂಪಿ ನೋಡಿದ್ದವರು. ಎರಡೂ ಕಡೆ ಸವರಿದರು. ತಿರುಗಿಸಿ ಮತ್ತೆ ಸವರಿದರು.

“ಚೌಕ ಎಲ್ಲಿ ಪುಟ್ಟಿ?”

ಇರಲಿಲ್ಲ. ಹೊಸ ಸರಣಿಯಲ್ಲಿ ಉಬ್ಬಿದ ಗುರುತು ಇರುವುದು ನೂರು ಮತ್ತು ಅದರ ಮೇಲಿನ ನೋಟುಗಳಿಗೆ ಮಾತ್ರ. ಅವರ ಅಂಗಡಿಯಲ್ಲಿ ಓಡಾಡುವುದು ಹತ್ತು, ಇಪ್ಪತ್ತು, ಐವತ್ತೇ ಜಾಸ್ತಿ. ಉದ್ದ ನೋಡಿ ಗುರುತು ಹಿಡಿಯೋಣ ಅಂದರೆ ಅದೂ ಕಷ್ಟ. ಹೊಸ ಐವತ್ತರ ಉದ್ದ 135 ಮಿಲಿಮೀಟರ್, ಹಳೇ ಹತ್ತರದ್ದು 137. ಹಳೇ ಐವತ್ತು 147 ಇದ್ದರೆ ಹೊಸ ಇನ್ನೂರು 146. ಹಳೆಯದೂ ಹೊಸದೂ ಎರಡೂ ಚಲಾವಣೆಯಲ್ಲಿವೆ. ಎರಡು ಮಿಲಿಮೀಟರ್ ವ್ಯತ್ಯಾಸ ಯಾವ ಬೆರಳಿಗೆ ಗೊತ್ತಾಗುತ್ತದೆ ಹೇಳಿ?

ಒಂದು ದಿನ ಯಾರೋ ಹಳೇ ಹತ್ತು ಕೊಟ್ಟು ಐವತ್ತು ಅಂದರು. ದೊಡ್ಡಪ್ಪ ಹತ್ತು ರೂಪಾಯಿಯ ಬಿಸ್ಕತ್ತು ಕೊಟ್ಟು ನಲವತ್ತು ಚಿಲ್ಲರೆಯನ್ನೂ ಎಣಿಸಿದರು. ರಾತ್ರಿ ಲೆಕ್ಕ ಹಾಕುವಾಗ ನಾನೇ ಅದನ್ನು ಕಂಡಿದ್ದು. ಅವರು ಒಂದು ಮಾತೂ ಆಡಲಿಲ್ಲ. ಊಟಕ್ಕೂ ತಡವಾಗಿ ಎದ್ದರು. ನನಗೆ ನಲವತ್ತು ರೂಪಾಯಿಗಿಂತ ಆ ಮೌನವೇ ತಡೆಯಲಾಗಲಿಲ್ಲ.

2020ರಲ್ಲಿ ರಿಸರ್ವ್ ಬ್ಯಾಂಕಿನ ‘ಮನಿ’ ಆ್ಯಪ್ ಬಂತು. ನೋಟನ್ನು ಫೋನಿನ ಕ್ಯಾಮೆರಾದ ಮುಂದೆ ಹಿಡಿದರೆ ಎಷ್ಟು ಅಂತ ಹೇಳುತ್ತದೆ, ಇಂಟರ್ನೆಟ್ಟೂ ಬೇಡ. ಒಳ್ಳೆಯ ಕೆಲಸವೇ. ಆದರೆ ಸೋಮವಾರ ದೇವಸ್ಥಾನಕ್ಕೆ ಬಂದ ಜನ ಎದುರಿಗೆ ಕಾಯುತ್ತಿರುವಾಗ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನೋಟು ಹಿಡಿದರೆ ಬಾಳೆಹಣ್ಣು ಯಾರು ಕೊಡಬೇಕು? ಮುಂದಿನ ಸಲ ನೋಟು ಬದಲಾಯಿಸುವಾಗ ಐವತ್ತಕ್ಕೆ ಆ ಚೌಕವನ್ನು ವಾಪಸ್ ಕೊಡಿ ಅನ್ನುವುದೇ ನನ್ನ ಕೋರಿಕೆ.

ಅಲ್ಲಿಯವರೆಗೆ ನಾವೇ ಒಂದು ದಾರಿ ಮಾಡಿಕೊಂಡಿದ್ದೇವೆ. ಲಗ್ನಪತ್ರಿಕೆಯ ರಟ್ಟನ್ನು ಸರಿಯಾಗಿ 63 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿ ಕೊಟ್ಟೆ. ಹತ್ತರ ನೋಟಿನ ಅಗಲ ಅಷ್ಟೇ, ಹೊಸ ಐವತ್ತರದ್ದು 66. ನೋಟನ್ನು ರಟ್ಟಿನ ಮೇಲಿಟ್ಟು ಒಂದು ಅಂಚು ಸೇರಿಸಿದರೆ ಐವತ್ತು ಇನ್ನೊಂದು ಕಡೆ ಚೂರು ಹೊರಗೆ ಇಣುಕುತ್ತದೆ. ದೊಡ್ಡಪ್ಪ ಅದನ್ನು ದಾರ ಕಟ್ಟಿ ಗಲ್ಲಾಪೆಟ್ಟಿಗೆಗೆ ನೇತುಹಾಕಿದ್ದಾರೆ. ಅಂಚು ಸವೆದಿದೆ ಅಂತ ಮೊನ್ನೆ ಹೇಳಿದರು. ಈ ಭಾನುವಾರ ಹೊಸದು ಕತ್ತರಿಸಬೇಕು.