ಸನ್‌ಪ್ಯಾಕ್ ಡಬ್ಬಿ, ಎರಡು ಹಳೇ ಫೋನು, 28 ಮಕ್ಕಳು: ಮೂರನೇ ತಿಂಗಳು

ಮೊದಲು ಕೆಟ್ಟ ಸುದ್ದಿ. ಜೂನ್‌ನಲ್ಲಿ ರಟ್ಟಿನಿಂದ ಮಾಡಿಟ್ಟಿದ್ದ ಆರು ವಿಆರ್ ಡಬ್ಬಿಗಳಲ್ಲಿ ನಾಲ್ಕಕ್ಕೆ ಬೂಷ್ಟು ಹಿಡಿದಿದೆ. ವಿಆರ್ ಡಬ್ಬಿ ಅಂದರೆ ಒಳಗೆ ಫೋನು ಇಟ್ಟು ಲೆನ್ಸಿನಿಂದ ನೋಡುವ ಡಬ್ಬಿ, ತಲೆ ತಿರುಗಿಸಿದ ಕಡೆಗೆ ಚಿತ್ರವೂ ತಿರುಗಿ ಆ ಜಾಗದಲ್ಲೇ ನಿಂತ ಹಾಗೆ ಕಾಣುತ್ತದೆ. ಮಳೆ ರಜೆ ಅಂತ ಮೂರು ದಿನ ಶಾಲೆಗೆ ಬೀಗ ಬಿದ್ದಿತ್ತು. ಬಂದು ಬೀರು ತೆಗೆದರೆ ರಟ್ಟೆಲ್ಲ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ. ಕೊಡಗಿನ ಮಳೆಗಾಲದಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಬರುತ್ತದೆ, ರಟ್ಟನ್ನು ಬಿಡುತ್ತದಾ? ಗೊತ್ತಿದ್ದೂ ಮಾಡಿದ್ದು ನನ್ನದೇ ದಡ್ಡತನ.

ಈಗ ಸನ್‌ಪ್ಯಾಕ್ ಶೀಟ್‌ನಲ್ಲಿ, ಅಂದರೆ ಬೋರ್ಡಿಗೆ ಬಳಸುವ ಪ್ಲಾಸ್ಟಿಕ್ ಹಾಳೆಯಲ್ಲಿ, ಕತ್ತರಿಸುತ್ತಿದ್ದೇನೆ. ಯಾವುದೋ ಹಳೇ ಕಾರ್ಯಕ್ರಮದ ಬೋರ್ಡು, ಪುಕ್ಕಟೆ ಸಿಕ್ಕಿತು. ಅಳತೆ ಗೂಗಲ್ 2014ರಲ್ಲಿ ಬಿಟ್ಟ 'ಕಾರ್ಡ್‌ಬೋರ್ಡ್' ಅನ್ನುವ ಇಂಥದ್ದೇ ಡಬ್ಬಿಯ ನಕ್ಷೆಯದ್ದೇ. ಲೆನ್ಸ್ 45 ಮಿಲಿಮೀಟರ್ ಫೋಕಸ್‌ನದು. ಫೋನಿನ ಪರದೆ ಲೆನ್ಸ್‌ನಿಂದ ಹೆಚ್ಚುಕಮ್ಮಿ ಅಷ್ಟೇ ದೂರ ಕೂರಬೇಕು. ಶೀಟಿನ ದಪ್ಪ ಲೆಕ್ಕ ಹಾಕದೆ ಕತ್ತರಿಸಿದ ಮೊದಲನೇ ಡಬ್ಬಿಯಲ್ಲಿ ಎಲ್ಲ ಮಸುಕು. ಎರಡನೆಯದು ಸರಿ ಬಂತು.

ಎಂಟನೇ ಕ್ಲಾಸಿನ ಮಕ್ಕಳಿಗೆ ಕಾವೇರಿಯನ್ನು ಹುಟ್ಟಿನಿಂದ ಸಮುದ್ರದವರೆಗೆ ತೋರಿಸಬೇಕು ಅನ್ನುವುದು ನನ್ನ ಆಸೆ. ತಲಕಾವೇರಿ ಎಷ್ಟೋ ಮಕ್ಕಳು ನೋಡಿದ್ದಾರೆ. ಅಲ್ಲಿಂದ ಸುಮಾರು 800 ಕಿಲೋಮೀಟರ್ ಆಚೆ, ತಮಿಳುನಾಡಿನ ಪೂಂಪುಹಾರ್‌ನಲ್ಲಿ ಅದೇ ನೀರು ಕಡಲು ಸೇರುವುದನ್ನು ಒಬ್ಬರೂ ನೋಡಿಲ್ಲ. ತಂಗಿ ಮಗ ಮೂರು ಕಡೆ ಸುತ್ತಿ 360 ಡಿಗ್ರಿ ಫೋಟೋ, ಅಂದರೆ ಸುತ್ತಲೂ ಕಾಣುವ ಫೋಟೋ, ತೆಗೆದುಕೊಟ್ಟ: ತಲಕಾವೇರಿ, ಕೆಆರ್‌ಎಸ್, ಪೂಂಪುಹಾರ್. ವಿಡಿಯೋ ಬೇಡ ಅಂದೆ. ಕಣ್ಣಿಗೆ ಓಡಿದ ಹಾಗೆ ಕಂಡು ಮೈ ಕೂತಲ್ಲೇ ಇದ್ದರೆ ತಲೆ ಸುತ್ತುತ್ತದೆ. ಸಂಪಾಜೆ ಘಾಟಿಯ ಬಸ್ಸಲ್ಲಿ ಕವರ್ ಹಿಡಿದು ಕೂರುವ ಮಕ್ಕಳು ಇವರು, ಸುಮ್ನೆ ಯಾಕೆ?

ಡಬ್ಬಿಯನ್ನು ಸರದಿಯ ಮೇಲೆ ಮನೆಗೆ ಕೊಡೋಣ, ಮನೆಯ ಫೋನಲ್ಲೇ ನೋಡಲಿ ಅಂತ ಶುರುವಿನಲ್ಲಿ ಅಂದುಕೊಂಡಿದ್ದೆ. ಮನೇಲಿ ಸ್ಮಾರ್ಟ್‌ಫೋನ್ ಇದ್ಯಾ ಅಂತ ಕೇಳಿದಾಗ 28ರಲ್ಲಿ 23 ಕೈ ಮೇಲೆ. ಸಾಕಲ್ವಾ ಅನ್ನಿಸಿತು. ಮರುದಿನ ಪ್ರಶ್ನೆ ಬದಲಿಸಿದೆ: "ಸಂಜೆ ಐದಕ್ಕೆ ಆ ಫೋನು ನಿಮ್ಮ ಕೈಗೆ ಸಿಗುತ್ತಾ?" ಒಂಬತ್ತು ಕೈ. ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಹುಡುಗಿಯೊಬ್ಬಳು, "ಅಪ್ಪ ತೋಟಕ್ಕೆ ಒಯ್ತಾರೆ ಟೀಚರ್, ಬಂದ ಮೇಲೆ ಅಣ್ಣ ಇಟ್ಕೋತಾನೆ" ಅಂದಳು. ಪೋಷಕರ ಸಭೆಯಲ್ಲಿ ಆ ಒಂಬತ್ತು ಫೋನುಗಳನ್ನೂ ಡಬ್ಬಿಗೆ ಹಾಕಿ ನೋಡಿದೆ. ಐದರಲ್ಲಿ ತಲೆ ತಿರುಗಿಸಿದರೂ ಚಿತ್ರ ತಿರುಗಲಿಲ್ಲ. ಅಗ್ಗದ ಫೋನುಗಳಲ್ಲಿ ಎಷ್ಟೋ ಸಲ ಗೈರೋಸ್ಕೋಪ್, ಅಂದರೆ ಫೋನು ತಿರುಗಿದ್ದನ್ನು ಗುರುತಿಸುವ ಭಾಗ, ಇರುವುದಿಲ್ಲ. ಆಕ್ಸೆಲೆರೋಮೀಟರ್ ಇರುತ್ತದೆ, ಆದರೆ ಅದಕ್ಕೆ ಫೋನು ಓರೆಯಾಗಿದ್ದು ಗೊತ್ತಾಗುತ್ತದೆಯೇ ಹೊರತು ನಾವು ಎಡಕ್ಕೋ ಬಲಕ್ಕೋ ತಿರುಗಿದ್ದು ಗೊತ್ತಾಗುವುದಿಲ್ಲ. ಉಳಿದದ್ದು ನಾಲ್ಕು. ಅದರಲ್ಲಿ ಎರಡು ಮನೆಗೆ ರೇಂಜ್ ಇಲ್ಲ.

ಅಷ್ಟರೊಳಗೆ ಡಬ್ಬಿ ಮನೆಗೊಯ್ದ ಒಬ್ಬ ಹುಡುಗ ಮರುದಿನ ಬಂದು ಸಮುದ್ರವನ್ನು ವರ್ಣಿಸಿದ. ಉಳಿದವರು ಸುತ್ತ ಕೂತು ಸಿನಿಮಾ ಕಥೆ ಕೇಳಿದ ಹಾಗೆ ಕೇಳಿದರು. ಅವನಿಗೆ ಪಾಠ, ಇವರಿಗೆ ಕಥೆ. ಆವತ್ತೇ ಮನೆಯ ಫೋನಿನ ಯೋಚನೆ ಬಿಟ್ಟೆ.

ಟೀಚರ್ ಒಂದು ಫೋನಿನಿಂದ ಇಡೀ ಕ್ಲಾಸನ್ನು ಸುತ್ತಿಸುವ ಗೂಗಲ್ ಎಕ್ಸ್‌ಪೆಡಿಶನ್ಸ್ ಅಂತ ಒಂದು ಆಪ್ ಇತ್ತು. 2021ರಲ್ಲಿ ನಿಲ್ಲಿಸಿಬಿಟ್ಟರು. ಈಗ ನನ್ನ ಹತ್ರ ಇರುವುದು ಮೂಲೆ ಒಡೆದ ನನ್ನ ಹಳೇ ಫೋನು, ಸಹೋದ್ಯೋಗಿ ಕೊಟ್ಟ ಇನ್ನೊಂದು. ಎರಡಕ್ಕೂ ಗೈರೋಸ್ಕೋಪ್ ಇದೆ. ಫೋಟೋ ಫೋನಿನೊಳಗೇ ಇರುವುದರಿಂದ ರೇಂಜ್ ಬೇಕಿಲ್ಲ. ಒಬ್ಬರಿಗೆ ಎರಡು ನಿಮಿಷ, ಒಂದು ಪಿರಿಯಡ್‌ನಲ್ಲಿ ಎಲ್ಲರದೂ ಮುಗಿಯುತ್ತದೆ.

ಮೊದಲ ಸರದಿ ಆ ಲೈನ್ ಮನೆ ಹುಡುಗಿಯದು. ಪೂಂಪುಹಾರ್‌ನಲ್ಲಿ ನಿಂತು ಕೆಳಗೆ ನೋಡಿ, "ಟೀಚರ್, ನನ್ನ ಕಾಲೇ ಇಲ್ಲ!" ಅಂದಳು. ಆಮೇಲೆ ಬಂದವರೆಲ್ಲ ಕಡಲು ಬಿಟ್ಟು ಕಾಲು ಹುಡುಕಿದ್ದೇ ಹುಡುಕಿದ್ದು.

ಸದ್ಯಕ್ಕೆ ಎರಡನೇ ಫೋನಿನ ಹಿಂದಿನ ಮುಚ್ಚಳ ಉಬ್ಬಿದ ಹಾಗಿದೆ. ಬ್ಯಾಟರಿ ಬದಲಿಸುವವರೆಗೆ ಅದನ್ನು ಮಕ್ಕಳ ಮುಖಕ್ಕೆ ಇಡುವ ಧೈರ್ಯ ನನಗಿಲ್ಲ. ಒಂದೇ ಫೋನಾದರೆ 56 ನಿಮಿಷ ಬೇಕು. ಪಿಟಿ ಸರ್ ಹತ್ರ ಅವರ ಪಿರಿಯಡ್ ಕೇಳಿದ್ದೇನೆ, ಗ್ರೌಂಡಲ್ಲಿ ಹೇಗೂ ನೀರು ನಿಂತಿದೆ.