ಲಾಭ, ಎರಡು, ಮೂರು

ಕಾಲೇಜಿಗೆ ಸೇರಿದ ಮೊದಲ್ನೇ ವಾರ ನಮ್ಮ ಸರ್ ತರಾಕ ಹೇಳಿದ್ದು ಮೂರ ಸಾಮಾನು. ಬಿಳಿ ಏಪ್ರನ್, ಸ್ಟೆತಸ್ಕೋಪ್, ಸೆಕೆಂಡ್ ಮುಳ್ಳಿರೋ ಕೈವಾಚು. ಮೊಬೈಲ್‌ನ್ಯಾಗ ಟೈಮ್ ಐತೆಲ್ರೀ ಸರ್ ಅಂತ ಹಿಂದಿನ ಬೆಂಚಿನ ಹುಡುಗ ಅಂದಿದ್ದಕ್ಕ, ಪೇಶಂಟ್ ಎದಿ ಮ್ಯಾಲೆ ಕಣ್ಣಿಟ್ಟು ಮೊಬೈಲ್ ಹೆಂಗ ನೋಡ್ತೀಪಾ ಅಂದ್ರು, ಮುಗೀತು. ಇದು 2016ರ ಮಾತು. ನಾ ಊರಿಗೆ ಹೋಗಿ ಹೇಳಿದೆ, ಅಪ್ಪ ತನ್ನ ಕೈಯಾಗಿನ ಎಚ್ಎಂಟಿ ಬಿಚ್ಚಿ ಕೊಟ್ಟ, ದಿನಾ ಕೀಲಿ ಕೊಡೋ ವಾಚು, ಬೆಲ್ಟು ನನ್ನ ಕೈಗೆ ಸಡಲ ಆಗತಿತ್ತು ಅಂತ ಚೀಲ ಹೊಲಿಯೋ ದಬ್ಬಣ ಕಾಸಿ ಎರಡು ತೂತು ಹೆಚ್ಚಿಗೆ ಹಾಕಿದ.

ನಮ್ಮೂರು ಬ್ಯಾಡಗಿ ಹತ್ರ. ಪಿಯುಸಿ ಸೈನ್ಸ್ ಮುಗಿದಾಗ ಎಂಬಿಬಿಎಸ್‌ಗೆ ಸಾಕಾಗೋ ಅಷ್ಟು ಮಾರ್ಕ್ಸ್ ಬಂದಿರಲಿಲ್ಲ, ನಮ್ಮ ಸೋದರಮಾವ ಹುಬ್ಬಳ್ಳ್ಯಾಗ ಮೆಡಿಕಲ್ ಶಾಪ್‌ದಾಗ ಕೆಲಸ ಮಾಡ್ತಿದ್ರು, ಅವರ ಹೇಳಿದ್ದು ರೆಸ್ಪಿರೇಟರಿ ಕೇರ್ ಅಂತ ಒಂದು ಬಿಎಸ್ಸಿ ಐತಿ, ಮೂರು ವರ್ಷ ಕ್ಲಾಸು ಒಂದು ವರ್ಷ ಇಂಟರ್ನ್‌ಶಿಪ್ಪು, ರಾಜೀವ್ ಗಾಂಧಿ ಯೂನಿವರ್ಸಿಟಿದು, ವೆಂಟಿಲೇಟರ್ ನೋಡ್ಕೊಳ್ಳೋ ಕೆಲಸ ಅಂತ. ಓಣ್ಯಾಗ ಎಲ್ಲಾರೂ ಕೇಳಿದ್ರು, ನರ್ಸಿಂಗಾ? ಲ್ಯಾಬ್ ಟೆಕ್ನಿಷಿಯನ್ನಾ? ಅವ್ವಗೂ ಹೇಳಾಕ ಬರ್ತಿರಲಿಲ್ಲ. ಕಡೀಕ ಆಕಿನ ಒಂದು ಉತ್ತರ ಮಾಡ್ಕೊಂಡ್ಲು, ನಮ್ಮ ಹುಡುಗಿ ದಮ್ಮಿನ ಮಂದಿನ್ನ ನೋಡೋ ಓದು ಓದಾಕತ್ತಾಳ ಅಂತ. ಅದಕ್ಕಿಂತ ಸರಿ ಉತ್ತರ ನಾ ಇವತ್ತಿಗೂ ಕೇಳಿಲ್ಲ.

ಯಾಕಂದ್ರ ದಮ್ಮು ಅಂದ್ರ ಏನು ಅನ್ನೋದು ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಿತ್ತು. ನಮ್ಮ ಆಯಿ ಬೀಡಿ ಮುಟ್ಟಿದಾಕಿ ಅಲ್ಲ, ಐವತ್ತು ವರ್ಷ ಒಲಿ ಮುಂದ ಕುಂತು ಹತ್ತಿಕಟಿಗಿ, ಕುಳ್ಳು ಹಾಕಿ ರೊಟ್ಟಿ ಬಡದಾಕಿ ಅಷ್ಟ. ಅದರ ಮ್ಯಾಲೆ ಸುಗ್ಗಿ ಮುಗಿದ ಮ್ಯಾಲೆ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗೋದು, ಸೆರಗು ಮೂಗಿಗೆ ಕಟ್ಕೊಂಡು ಮುಂಜಾನಿಂದ ಸಂಜೀತನಕ ಆ ಘಾಟಿನ್ಯಾಗ. ರಾತ್ರಿ ಆಕಿ ಮಲಗಿದ್ದು ನಾ ನೋಡಿದ್ದ ಕಡಿಮಿ, ಗ್ವಾಡಿಗೆ ಎರಡು ದಿಂಬು ಒರಗಿಸಿ ಕುಂತ ಇರ್ತಿದ್ಲು, ಸೀಟಿ ಹೊಡದ್ಹಂಗ ಎದಿ ಸಪ್ಪಳ, ನಾವು ಹುಡುಗರು ಆ ಸಪ್ಪಳ ಕೇಳ್ಕೋತನ ನಿದ್ದಿ ಹೋಗ್ತಿದ್ವಿ. ಮೃಗಶಿರ ಮಳಿ ಕೂಡೋ ದಿನ ಹೈದರಾಬಾದಿಗೆ ಮೀನಿನ ಔಷಧಕ್ಕ ಎರಡು ಸರ್ತಿ ಹೋಗಿ ಬಂದಿದ್ಲು. ಡಾಕ್ಟರ್ ಪಂಪ್, ಅಂದ್ರ ಬಾಯಿಲೆ ಎಳಕೊಳ್ಳೋ ಇನ್‌ಹೇಲರ್, ಬರದು ಕೊಟ್ಟಿದ್ರು ಆದ್ರ ಪಂಪ್ ಹಚ್ಚಿದ್ರ ಚಟ ಆಗತೈತಿ ಅಂತ ಊರ ಮಂದಿ ಹೇಳಿದ್ದನ್ನ ನಂಬಿ ಅದು ಬಾಳ ದಿನ ದೇವರ ಮಾಡದಾಗ ಬಿದ್ದಿತ್ತು. ಒಲಿ ಹೊಗಿಯಿಂದಾನೂ ಸಿಒಪಿಡಿ, ಅಂದ್ರ ಶ್ವಾಸನಾಳ ಕಿರಿದಾಗಿ ವರ್ಷಗಟ್ಲೆ ಉಳಿಯೋ ದಮ್ಮಿನ ಬ್ಯಾನಿ, ಆಗತೈತಿ, ನಮ್ಮ ದೇಶದಾಗ ಹೆಣ್ಮಕ್ಕಳಿಗೆ ಆಗೋದು ಹೆಚ್ಚಾಗಿ ಅದರಿಂದನ ಅಂತ ಕ್ಲಾಸಿನ್ಯಾಗ ಹೇಳಿದ ದಿನ ನಾ ನೋಟ್ಸ್ ಬರಿಯೋದು ಬಿಟ್ಟು ಸುಮ್ನ ಕುಂತೆ.

ನಮ್ಮ ಸರ್ ಪಾಠ ಮಾಡೋ ರೀತೀನ ಬ್ಯಾರೆ. ವೈಟಲ್ ಕೆಪ್ಯಾಸಿಟಿ ಅಂದ್ರ ಪೂರ್ತಿ ಉಸುರು ಎಳಕೊಂಡು ಪೂರ್ತಿ ಬಿಟ್ರ ಹೊರಗ ಬರೋ ಗಾಳಿ, ಗಂಡಸರಿಗೆ ಹತ್ರತ್ರ 4ರಿಂದ 5 ಲೀಟರ್, ನಾವು ಸುಮ್ನ ಕುಂತಾಗ ಆಡೋ ಉಸುರು ಮಾತ್ರ ಬರೇ ಅರ್ಧ ಲೀಟರ್. ಇದನ್ನ ಬೋರ್ಡ್ ಮ್ಯಾಲೆ ಬರದು ಆಮೇಲೆ ಮೊಬೈಲ್‌ನ್ಯಾಗ ಭೀಮಸೇನ ಜೋಶಿಯವರ ಒಂದು ತಾನ ಹಚ್ಚಿದ್ರು, ವಾಚ್ ನೋಡ್ರಿ, ಎಲ್ಲಿ ಉಸುರು ತಗೊಂಡ್ರು ಹೇಳ್ರಿ ಅಂದ್ರು. ಗದಗ ಜಿಲ್ಲಾದಾಗ ಹುಟ್ಟಿದ ಮನಶಾ, ನೋಡ್ರಿ ಆ ದಮ್ಮು ಅಂದ್ರು. ನಮ್ಮ ಕಡೆ ತಾಕತ್ತಿಗೂ ದಮ್ ಅಂತೀವಿ, ಉಬ್ಬಸಕ್ಕೂ ದಮ್ಮು ಅಂತೀವಿ, ನಾ ಅಲ್ಲೀತನಕ ಇದನ್ನ ವಿಚಾರ ಮಾಡಿರಲಿಲ್ಲ.

ಇನ್ನೊಂದು ದಿನ ಕೋಪನ್‌ಹೇಗನ್ ಕಥಿ ಹೇಳಿದ್ರು. 1952, ಡೆನ್ಮಾರ್ಕ್‌ದಾಗ ಪೋಲಿಯೋ ಬಂದಿತ್ತು, ಉಸುರಾಡೋ ಸ್ನಾಯುನ ಸೋತು ಮಂದಿ ಸಾಯಾಕತ್ತಿದ್ರು, ಇಡೀ ಊರಿನ ಆ ದೊಡ್ಡ ದವಾಖಾನಿಗೆ ಇದ್ದಿದ್ದು ಒಂದ ಐರನ್ ಲಂಗ್ (ಕುತಗಿ ತನಕ ಮೈ ಒಳಗಿಟ್ಟು ಉಸುರಾಡಿಸೋ ದೊಡ್ಡ ಪೆಟ್ಟಿಗಿ), ಎದಿಗೆ ಹಾಕೋ ಸಣ್ಣ ಮಷಿನ್ನು ಆರು. ಆಗ ಬ್ಯೋರ್ನ್ ಇಬ್ಸೆನ್ ಅಂತ ಅರಿವಳಿಕೆ ಡಾಕ್ಟರು, ಹನ್ನೆರಡು ವರ್ಷದ ಹುಡುಗಿಗೆ ಗಂಟಲ ಕೆಳಗ ತೂತು ಮಾಡಿ ನಳಿ ಹಾಕಿ ರಬ್ಬರ್ ಚೀಲ ಕೈಲೆ ಒತ್ತಿ ಉಸುರು ಕೊಟ್ರು, ಹುಡುಗಿ ಉಳಿದ್ಲು. ಉಳಿದ ಪೇಶಂಟ್‌ಗೋಳಿಗೆ ಯಾರು ಒತ್ತಬೇಕು? ಸ್ಟೂಡೆಂಟ್ಸ್. ಹತ್ರತ್ರ 1,500 ಮೆಡಿಕಲ್ ಸ್ಟೂಡೆಂಟ್ಸ್ ಪಾಳಿ ಮ್ಯಾಲೆ ಕುಂತು ಹಗಲೂ ರಾತ್ರಿ ವಾರಗಟ್ಲೆ ಕೈಲೆ ಚೀಲ ಒತ್ತಿದ್ರು, ಸಾಯೋರ ಪ್ರಮಾಣ ಅರ್ಧಕ್ಕಿಂತ ಕೆಳಗ ಇಳೀತು. ಇವತ್ತಿನ ಐಸಿಯು ಅನ್ನೋದು ಹುಟ್ಟಿದ್ದ ಅಲ್ಲಿಂದ. ಸರ್ ಇಷ್ಟು ಹೇಳಿ ನಮ್ಮ ಕೈಗೆ ಆಂಬು ಬ್ಯಾಗ್, ಅಂಥಾದ್ದ ಕೈಲೆ ಒತ್ತೋ ಚೀಲ, ಕೊಟ್ಟು ಗೊಂಬಿ ಮುಂದ ಕುಂಡ್ರಿಸಿದ್ರು, ಆರು ಸೆಕೆಂಡಿಗೆ ಒಂದು ಸರ್ತಿ ಒತ್ತಬೇಕು, ಎದಿ ಏಳೋದು ಕಾಣಬೇಕು, ಬಿಡಬೇಕು, ಅದು ಇಳಿಯೋತನಕ ಕಾಯಬೇಕು, ಅವಸರ ಮಾಡಬಾರದು. ಹದಿನೈದು ನಿಮಿಷಕ್ಕ ನನ್ನ ಹೆಬ್ಬೆರಳು ಸೋತು ಹೋತು. ಆ ಹುಡುಗರು ತಾಸುಗಟ್ಲೆ ಒತ್ತಿದಾರ ಅಂತ ಆವಾಗ ತಿಳೀತು.

ಈಗ ನಾ ಮಾಡಿದ ತಪ್ಪು. ಎರಡನೇ ವರ್ಷ, ವಾರ್ಡ್ ಪೋಸ್ಟಿಂಗು, ಹನ್ನೆರಡು ಬೆಡ್ಡಿನ ಚಾರ್ಟ್ ತುಂಬಬೇಕಿತ್ತು. ಬಿಪಿ ಮಷಿನ್ ಹೇಳ್ತದ, ಪಲ್ಸು, ಸ್ಯಾಚುರೇಷನ್ನು (ರಕ್ತದಾಗಿನ ಆಕ್ಸಿಜನ್ ಪ್ರಮಾಣ) ಬೆರಳಿಗೆ ಹಾಕಿದ ಕ್ಲಿಪ್ ಹೇಳ್ತದ, ಉಸುರು ಮಾತ್ರ ನಾವ ನಿಂತು ಎಣಸಬೇಕು, ಅದಕ್ಕ ಯಾರೂ ಎಣಸೂದಿಲ್ಲ, ಯಾವ ದವಾಖಾನಿ ಕೇಸ್ ಶೀಟ್ ತಗದ್ರೂ ಉಸುರು ನಿಮಿಷಕ್ಕ 18 ಇಲ್ಲಾ 20. ನಾನೂ ಒಂಬತ್ತನೇ ಬೆಡ್ಡಿನ ಅಜ್ಜಾಗ 18 ಅಂತ ಬರದು ಮುಂದ ಹೋದೆ. ಸರ್ ರೌಂಡ್ಸಿಗೆ ಬಂದ್ರು, ಚಾರ್ಟ್ ನೋಡಿದ್ರು, ಏನೂ ಅನ್ನಲಿಲ್ಲ, ಅಜ್ಜನ ಮಗ್ಗಲ ನಿಂತು ವಾಚ್ ನೋಡಿದ್ರು, ಪೂರ್ತಿ ಒಂದು ನಿಮಿಷ. 34. ಅಜ್ಜನ ಕುತಗಿ ಸ್ನಾಯು ಪ್ರತಿ ಉಸುರಿಗೂ ಹಗ್ಗದಂಗ ಬಿಗಿಯಾಕತ್ತಿತ್ತು, ಪಕ್ಕೆಲುಬಿನ ನಡುವ ಚರ್ಮ ಒಳಗ ಎಳೀತಿತ್ತು, ಎಲ್ಲಾ ಕಣ್ಣ ಮುಂದ ಇತ್ತು, ನಾನ ನೋಡಿರಲಿಲ್ಲ. ನೋಡವಾ, ನೀ ಬರದಿದ್ದು ಆ ಮನಶಾನ ಉಸುರಲ್ಲ, ನಿನ್ನ ಅಂದಾಜು, ಅಂದ್ರು. ದನಿ ಏರಿಸಲಿಲ್ಲ. ಅಜ್ಜನ್ನ ತಾಸಿನೊಳಗ ಐಸಿಯುಗೆ ಒಯ್ದು ಬೈಪ್ಯಾಪ್, ಅಂದ್ರ ಮಾಸ್ಕಿನಿಂದ ಉಸುರಿಗೆ ಒತ್ತು ಕೊಡೋ ಮಷಿನ್, ಹಚ್ಚಿದ್ರು, ಉಳಿದ್ರು ಅವರು, ಆದ್ರ ಸರ್ ಅವತ್ತು ಬರದ ಇದ್ರ ಅನ್ನೋದು ನನಗ ಬಾಳ ದಿನ ನಿದ್ದಿಗೆಡಿಸ್ತು. ಅವತ್ತಿನಿಂದ ಇವತ್ತಿನ ತನಕ ನಾ ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಸೋದೂ ಇಲ್ಲ, ಪೂರ್ತಿ ನಿಮಿಷ ನಿಲ್ತೀನಿ.

ಅದ ವರ್ಷ ದೀಪಾವಳಿ ಸೂಟಿಗೆ ಊರಿಗೆ ಹೋದಾಗ ಆಯಿನ್ನ ಎಣಿಸಿದೆ, 28. ಪಂಪ್ ಹೆಂಗ ತಗೋತಿ ತೋರ್ಸು ಅಂದೆ, ಬಾಯಿ ತಗದು ಅತ್ತರ್ ಹೊಡದ್ಹಂಗ ಹೊಡಕೊಂಡ್ಲು, ಅರ್ಧ ಔಷಧ ಹೊರಗ. ಸ್ಪೇಸರ್, ಅಂದ್ರ ಪಂಪಿನ ಔಷಧ ಹೊರಗ ಹೋಗದಂಗ ಹಿಡಿಯೋ ಪ್ಲಾಸ್ಟಿಕ್ ಡಬ್ಬಿ, ತಗೊಂಡು ಹೋಗಿದ್ದೆ, ಅದಕ್ಕ ಪಂಪ್ ಸಿಗಿಸಿ ಕುಲುಕಿ ಕೊಟ್ಟೆ, ಮೊದಲ ಉಸುರು ಪೂರ್ತಿ ಬಿಡು, ತುಟಿ ಬಿಗಿ ಹಿಡಿ, ಒಂದು ಸರ್ತಿ ಒತ್ತು, ನಿಧಾನಕ್ಕ ಎಳಕೋ, ಈಗ ಹಿಡಕೊಂಡು ಕುಂಡ್ರು, ನಾ ಹತ್ತರ ತನಕ ಎಣಸ್ತೀನಿ ಅಂದೆ. ಒಂದು ಅಂದಿದ್ದ ತಡ ಆಯಿ ಹಿಡಿದ ಉಸುರು ಬಿಟ್ಟು ಬೈದ್ಲು, ಒಂದು ಅನಬ್ಯಾಡ, ಲಾಭ ಅನ್ನು ಅಂತ. ಕಣದಾಗ ಸೇರಿಲೆ ಕಾಳು ಅಳಿಯುವಾಗ ನಮ್ಮ ಹಿರ್ಯಾರು ಒಂದು ಅನ್ನೂದಿಲ್ಲಲ್ಲ, ಲಾಭ ಅಂತ ಶುರು ಮಾಡಿ ಎರಡು ಮೂರು ಅಂತ ಮುಂದ ಹೋಗ್ತಾರ, ಇದೂ ಹಂಗ ಆಗ್ಲಿ ಅಂತ ಆಕಿ ಆಸೆ. ಮತ್ತ ಎಳಕೊಂಡ್ಲು. ಲಾಭ, ಎರಡು, ಮೂರು... ಮೊದಲ ದಿನ ಐದಕ್ಕ ಕೆಮ್ಮು ಬಂತು, ನಾಲ್ಕನೇ ದಿನ ಹತ್ತು ಮುಟ್ಟಿದ್ಲು. ದಮ್ಮು ಪೂರ್ತಿ ಹೋಗ್ಲಿಲ್ಲ, ಅದು ಹೋಗೋ ಬ್ಯಾನಿ ಅಲ್ಲ, ಆದ್ರ ಗ್ವಾಡಿಗೆ ಒರಗಿದ ಎರಡು ದಿಂಬು ಒಂದಾತು. ನಾ ಕೊನೇ ವರ್ಷದಾಗ ಇದ್ದಾಗ ಆಯಿ ಹೋದ್ಲು.

ಪರೀಕ್ಷಾ ಬಗ್ಗೆ ಬಾಳ ಬರಿಯೂದಿಲ್ಲ. ಎಬಿಜಿ, ಅಂದ್ರ ರಕ್ತದಾಗಿನ ಗಾಳಿ ಪರೀಕ್ಷಾದ ನಂಬರು, ಬಾಯಿಪಾಠ ಮಾಡ್ಕೋತ ಉಣಕಲ್ ಕೆರಿ ಸುತ್ತಿದ್ದು, ಪಿಎಚ್ 7.35ರಿಂದ 7.45, ಕಾರ್ಬನ್ ಡೈಆಕ್ಸೈಡ್ 35ರಿಂದ 45, ತಪ್ಪಿದವರು ಗಿರಮಿಟ್ ಕೊಡಸಬೇಕು ಅಂತ ಶರತ್ತು, ಅದೆಲ್ಲಾ ನಮ್ಮ ಬ್ಯಾಚಿನವರಿಗೆ ನೆನಪೈತಿ. ಓದಾಕತ್ತಿರೋ ತಮ್ಮ ತಂಗ್ಯಾರಿಗೆ ಮಾತ್ರ ಒಂದು ಮಾತು, ಸಿಒಪಿಡಿ ಪೇಶಂಟ್‌ಗೆ ಸ್ಯಾಚುರೇಷನ್ 88ರಿಂದ 92 ಸಾಕು ಅಂತ ಪುಸ್ತಕದಾಗ ಒಂದು ಸಾಲು ಇರ್ತದ, ವಾರ್ಡಿನ್ಯಾಗ ಅದು ಒಂದು ದೊಡ್ಡ ಕೆಲಸ. ಮಗ ಬಂದು ಕೈ ಮುಗಿದು ಕೇಳ್ತಾನ, ಅಕ್ಕಾರ, ನಮ್ಮಪ್ಪಗ ಆಕ್ಸಿಜನ್ ಯಾಕ ಕಮ್ಮಿ ಬಿಟ್ಟೀರಿ, ರೊಕ್ಕ ಹೆಚ್ಚಾದ್ರೂ ಅಡ್ಡಿಯಿಲ್ರಿ ಅಂತ, ನಾವು ಅತ್ಲಾಗ ಹೋದ್ರ ತಾನ ತಿರುವಿ ಹೆಚ್ಚು ಮಾಡ್ತಾನ. ಅಂವಗ ಕುಂಡ್ರಿಸಿ ಹೇಳಬೇಕು, ಇವರಿಗೆ ಆಕ್ಸಿಜನ್ ಅತಿ ಆದ್ರ ಒಳಗಿನ ಕೆಟ್ಟ ಗಾಳಿ ರಕ್ತದಾಗ ಕೂಡ್ಕೋತೈತಿ, ಮಂಪರು ಹತ್ತತೈತಿ, ಎಬ್ಬಿಸಿದ್ರೂ ಏಳೂದಿಲ್ಲ ಅಂತ. ಹೇಳಿದ್ರ ತಿಳಕೋತಾರ ಮಂದಿ. ಹೇಳಾಕ ಟೈಮ್ ತಗೋಬೇಕು.

ಇಂಟರ್ನ್‌ಶಿಪ್ ಮುಗಿಯೋಕ ಕೋವಿಡ್ ಬಂತು. 2021ರ ಏಪ್ರಿಲ್, ಮೇ ನೆನಸಿದ್ರ ಈಗಲೂ ಎದಿ ಭಾರ ಆಗತೈತಿ. ಪಿಪಿಇ ಒಳಗ ವಾಚ್ ಕಟ್ಟಾಕ ಬರ್ತಿರಲಿಲ್ಲ, ಗ್ವಾಡಿ ಗಡಿಯಾರ ನೋಡಿ ಎಣಸಬೇಕು, ಗಾಗಲ್ ಮ್ಯಾಲೆ ಮಂಜು ಕುಂತು ಮುಳ್ಳು ಕಾಣತಿರಲಿಲ್ಲ. ಆಗ ಇನ್ನೊಂದು ಲೆಕ್ಕ ಕಲಿತ್ವಿ, ಜಂಬೋ ಸಿಲಿಂಡರ್ ತುಂಬಿದ್ರ 7,000 ಲೀಟರ್, ನಿಮಿಷಕ್ಕ 10 ಲೀಟರ್ ಹರಿದ್ರ 700 ನಿಮಿಷ, ಅಂದ್ರ ಹನ್ನೊಂದು ತಾಸು ಮ್ಯಾಲೆ ಸ್ವಲ್ಪ, 15 ಲೀಟರ್ ಆದ್ರ ಎಂಟು ತಾಸೂ ಬರೂದಿಲ್ಲ. ರಾತ್ರಿ ಎಲ್ಲಾ ಬೆಡ್ಡಿನ ಮುಂದ ಚಾಕ್‌ಲೆ ಸಿಲಿಂಡರ್ ಮುಗಿಯೋ ಟೈಮ್ ಬರೀತಿದ್ದೆ. ಆ ವರ್ಷದಾಗ ನಮ್ಮಂಥಾ ಕೆಲಸದವರಿಗೆ ಅಂತ ರಾಷ್ಟ್ರೀಯ ಕಾಯ್ದೆನೂ ಆತು, ಅದರ ಪಟ್ಟಿಯೊಳಗ ರೆಸ್ಪಿರೇಟರಿ ಟೆಕ್ನಾಲಜಿಸ್ಟ್ ಅನ್ನೋ ಹೆಸರು ಐತಿ, ಅವ್ವಗ ಓದಿ ತೋರಿಸಿದೆ.

ಕೊನೀಗೆ ಆ ಹುಡುಗನ ಬಗ್ಗೆ ಬರೀಲೇಬೇಕು. ರಾಣೇಬೆನ್ನೂರು ಕಡೆ ಹಳ್ಳ್ಯಾಂವ, ಇಪ್ಪತ್ತೆರಡು ವರ್ಷ, ಮೆಕ್ಕೆಜೋಳದ ಹೊಲ. ಎರಡು ವಾರ ಮೊದಲ ಭೇದಿ ಆಗಿತ್ತಂತ, ಆಮೇಲೆ ಕಾಲು ಜೋಮು, ಮರುದಿನ ಏಳಾಕ ಬರವಲ್ದು, ಗಿಲ್ಲನ್ ಬಾರೆ ಸಿಂಡ್ರೋಮ್, ನರಗೋಳು ಸೋಲೋ ಬ್ಯಾನಿ. ಇದು ಕಾಲಿಂದ ಮ್ಯಾಲೆ ಏರತೈತಿ, ಎದಿಗೆ ಬಂದ್ರ ಉಸುರಾಡೋ ಸ್ನಾಯುನ ಸೋಲತಾವು. ಇಂಥಾದ್ರಾಗ ಮಾನಿಟರ್ ನಂಬಾಕ ಬರೂದಿಲ್ಲ, ಸ್ಯಾಚುರೇಷನ್ ಕೊನೀತನಕ ಚಲೋನ ತೋರಿಸಿ ಆಮೇಲೆ ಒಮ್ಮಿಗಲೆ ಬೀಳತೈತಿ. ಅದಕ್ಕ ಒಂದು ಹಳೇ ಪರೀಕ್ಷಾ ಐತಿ, ಪೂರ್ತಿ ಉಸುರು ಎಳಕೊಂಡು ಒಂದ ಉಸುರಿನ್ಯಾಗ ಎಷ್ಟು ತನಕ ಎಣಸ್ತಾರ ನೋಡೋದು, ಆರೋಗ್ಯ ಇದ್ದಾಂವ ಐವತ್ತರ ಹತ್ರ ಹೋಗ್ತಾನ. ಎಣಸಪಾ ಅಂದೆ. ಅಂವ ಲಾಭ ಅಂತ ಶುರು ಮಾಡಿದ. ನನ್ನ ಕೈಯಾಗಿನ ಪೆನ್ನು ಅಲ್ಲೇ ನಿಂತು. ಮುಂಜಾನೆ 31. ಮಧ್ಯಾಹ್ನ 23. ಸಂಜಿಗೆ 14, ದನಿ ಮೂಗಿನ್ಯಾಗ ಬರಾಕತ್ತಿತ್ತು, ಮಾನಿಟರ್ ಮ್ಯಾಲೆ ಮಾತ್ರ ಹಸರ ಬಣ್ಣದಾಗ 98. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಮೂರೂ ನಂಬರ್ ಹೇಳಿದೆ, ಅವರು ಓಡಿ ಬಂದು ವೈಟಲ್ ಕೆಪ್ಯಾಸಿಟಿ ಮಾಡಿಸಿದ್ರು, ಮೈತೂಕದ ಕೆಜಿಗೆ 20 ಎಂಎಲ್‌ಗಿಂತ ಕೆಳಗ ಹೋಗಿತ್ತು, ಅವಸರ ಬೀಳೋಕಿಂತ ಮೊದಲ ಸಮಾಧಾನಲೆ ನಳಿ ಹಾಕಿ ವೆಂಟಿಲೇಟರ್‌ಗೆ ಹಾಕಿದ್ವಿ.

ಇಪ್ಪತ್ತಾರು ದಿನ. ಅವರವ್ವ ಐಸಿಯು ಹೊರಗ ನೆಲದ ಮ್ಯಾಲೆ ಚಾಪಿ ಹಾಸ್ಕೊಂಡು ಇಪ್ಪತ್ತಾರು ದಿನಾನೂ ಇದ್ಲು, ನಾ ಹೊರಗ ಬಂದಾಗೆಲ್ಲಾ ಎದ್ದು ನಿಲ್ಲತಿದ್ಲು, ಏನೂ ಕೇಳತಿರಲಿಲ್ಲ, ಮುಖ ನೋಡತಿದ್ಲು. ಆಮೇಲೆ ಗಂಟಲ ಕೆಳಗ ತೂತು ಮಾಡಿ ಹಾಕಿದ್ದ ನಳಿ ತಗದು ಮೂರು ದಿನ ಆದ ಮ್ಯಾಲೆ, ವಾರ್ಡಿನ್ಯಾಗ, ಆಕಿನ್ನೂ ಮಗ್ಗಲ ಕರದು ನಿಂದ್ರಿಸಿ ಎಣಸಪಾ ಅಂದೆ. ತೂತಿನ ಮ್ಯಾಲಿನ ಪಟ್ಟಿ ಬೆರಳಿಲೆ ಒತ್ತಿ ಹಿಡಕೊಂಡ, ಉಸುರು ಎಳಕೊಂಡ, ದನಿ ಗೊಗ್ಗರಾಗಿತ್ತು, ಲಾಭ ಅಂದ. ಅವರವ್ವನೂ ಬಾಯೊಳಗ ಲಾಭ ಅಂದ್ಲು. ನಾ ಅಪ್ಪನ ವಾಚಿನ ಮುಳ್ಳು ನೋಡ್ಕೋತ ನಿಂತಿದ್ದೆ, ಇಪ್ಪತ್ತು ದಾಟಿದ, ಮೂವತ್ತು ದಾಟಿದ, ಮೂವತ್ತೆಂಟಕ್ಕ ನಿಂತು ಮತ್ತ ಉಸುರು ತಗೊಂಡ. ಚಾರ್ಟಿನ್ಯಾಗ 38 ಅಂತ ಬರದೆ.